ಕಿವಿಗೊಂದು ಪುಸ್ತಕ, ಕಣ್ಣಿಗೊಂದು ಪುಸ್ತಕ: ಮಕ್ಕಳ ಓದಿನ ಹಂತ ನೋಡಿ ಪುಸ್ತಕ ಆರಿಸುವ ಬಗೆ

ನಮ್ಮ ಮನೆಯ ಜಗಲಿಯಲ್ಲಿ ಶನಿವಾರ ಮಧ್ಯಾಹ್ನ ಓಣಿಯ ಮಕ್ಕಳು ಪುಸ್ತಕ ಹರಡಿಕೊಂಡು ಕೂರುತ್ತಾರೆ. ಕೆಲವು ವರ್ಷಗಳ ಹಿಂದೆ ಮೂರನೇ ತರಗತಿಯ ಹುಡುಗಿಯೊಬ್ಬಳು ಬರತೊಡಗಿದಳು. ಬಕಾಸುರನ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದೆ, ಅಲುಗಾಡದೆ ಕೇಳಿದಳು. ಮರುವಾರ ಅದನ್ನೇ ತಮ್ಮನಿಗೆ ಒಂದು ವಿವರವನ್ನೂ ಬಿಡದೆ ಹೇಳಿದಳು. ಬಂಡಿಯ ಅನ್ನವನ್ನು ಭೀಮನೇ ಉಣ್ಣುವ ಜಾಗದಲ್ಲಿ ತನ್ನದೂ ಎರಡು ಮಾತು ಸೇರಿಸಿದಳು. ಅದೇ ಹುಡುಗಿ ಹದಿನಾರು ಪುಟದ ಚಿತ್ರಪುಸ್ತಕ ಕೈಗೆತ್ತಿಕೊಂಡಾಗ ಎರಡನೇ ಸಾಲಿನ ‘ಸೂರ್ಯ’ನ ಹತ್ತಿರ ನಿಂತುಬಿಟ್ಟಳು. “ಸೂ... ಯ... ರ್” ಎಂದು ಓದಿದಳು. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಅರ್ಕಾವತ್ತನ್ನು ಅಕ್ಷರ ಮುಗಿದ ಮೇಲೆ ಬರೆಯುತ್ತೇವೆ, ಅಕ್ಷರಕ್ಕಿಂತ ಮೊದಲು ನುಡಿಯುತ್ತೇವೆ. ಕಣ್ಣಿಗೆ ಮೊದಲು ಸಿಕ್ಕಿದ್ದನ್ನು ಅವಳು ಮೊದಲು ಓದಿದಳು, ಅಷ್ಟೇ.

ಒಂದೇ ಮಗುವಿನೊಳಗೆ ಕಿವಿಗೆ ಒಂದು ವಯಸ್ಸು, ಕಣ್ಣಿಗೆ ಇನ್ನೊಂದು ವಯಸ್ಸು ಇರುತ್ತದೆ ಎಂದು ನನಗೆ ಅವತ್ತು ಮನದಟ್ಟಾಯಿತು. ಕಥೆ ಕೇಳಿ ಅರಗಿಸಿಕೊಳ್ಳುವ ಶಕ್ತಿ ಓದುವ ಶಕ್ತಿಗಿಂತ ವರ್ಷಗಳಷ್ಟು ಮುಂದಿರುತ್ತದೆ. ಕಿವಿಯ ಅಳತೆಗೆ ಪುಸ್ತಕ ತಂದು ಮಗುವಿನ ಕೈಗೆ ಕೊಟ್ಟರೆ ಎರಡು ಪುಟಕ್ಕೆ ಮುಚ್ಚಿಡುತ್ತದೆ. ಕಣ್ಣಿನ ಅಳತೆಗಷ್ಟೇ ತಂದರೆ ಕಥೆ ಚಪ್ಪೆಯಾಗಿ ‘ಪುಸ್ತಕ ಅಂದರೆ ಇಷ್ಟೇ’ ಅನ್ನಿಸಿಬಿಡುತ್ತದೆ. ಹಾಗಾಗಿ ನಾನು ಯಾವ ಮಗುವಿಗೇ ಆಗಲಿ ಎರಡು ಬಗೆಯ ಪುಸ್ತಕ ಹುಡುಕುತ್ತೇನೆ. ಹುಡುಕುವ ಕ್ರಮ ಹೀಗೆ.

ಮೊದಲ ಹೆಜ್ಜೆ: ಒಂದು ಪುಟ ಓದಿಸಿ, ಒಂದು ಕಥೆ ಓದಿ ಹೇಳಿ

ಮಗು ಮೊದಲು ನೋಡಿರದ ಪುಸ್ತಕದಲ್ಲಿ ನಲವತ್ತೈವತ್ತು ಪದಗಳಿರುವ ಒಂದು ಪುಟ ತೆರೆದು ಗಟ್ಟಿಯಾಗಿ ಓದಲು ಹೇಳಿ. ಎಡವಿದ ಪ್ರತಿ ಪದಕ್ಕೂ ನಿಮ್ಮ ಒಂದು ಬೆರಳು ಮಡಚಿಕೊಳ್ಳಿ, ಮಗುವಿಗೆ ಕಾಣದ ಹಾಗೆ. ಒಂದೂ ಮಡಚದಿದ್ದರೆ ಅಥವಾ ಒಂದೇ ಮಡಚಿದರೆ ಆ ಪುಸ್ತಕ ಸಲೀಸು. ಎರಡು ಮೂರಾದರೆ ತಾನೇ ಓದಿಕೊಳ್ಳಲು ಹದವಾಗಿದೆ. ನಾಲ್ಕಾದರೆ ಪಕ್ಕದಲ್ಲಿ ಒಬ್ಬರು ಕೂರಬೇಕು. ಐದೂ ಮಡಚಿದರೆ ಸದ್ಯಕ್ಕೆ ಅದು ನೀವು ಓದಿ ಹೇಳಬೇಕಾದ ಪುಸ್ತಕ.

ಈ ಐದು ಬೆರಳಿನ ಲೆಕ್ಕ ಎಲ್ಲ ಕಡೆ ಬಳಕೆಯಲ್ಲಿದೆ. ಕನ್ನಡಕ್ಕೆ ತರುವಾಗ ಎರಡು ತಿದ್ದುಪಡಿ ಬೇಕು. ಒಂದು, ಮನೆಮಾತಿನದು. ಪುಸ್ತಕದಲ್ಲಿ ‘ಹೋಗುತ್ತಾನೆ’ ಎಂದಿದ್ದನ್ನು ಮಗು ‘ಹೋಗ್ತಾನೆ’ ಎಂದೋ, ಧಾರವಾಡದ ಕಡೆಯದಾದರೆ ‘ಹೋಗ್ತಾನ’ ಎಂದೋ ಓದಿದರೆ ಬೆರಳು ಮಡಚಬೇಡಿ. ಅರ್ಥ ಮನಸ್ಸಿಗೆ ತಲುಪಿ, ಅಲ್ಲಿಂದ ತನ್ನ ಮಾತಾಗಿ ಬಾಯಿಗೆ ಬಂದಿದೆ. ಓದು ಕೂಡಿಬಂದ ಲಕ್ಷಣ ಅದು. ಅಂಥ ಹೊತ್ತಿನಲ್ಲಿ ತಡೆದು ತಿದ್ದಿದರೆ ಮಗು ಅರ್ಥ ಬಿಟ್ಟು ಅಕ್ಷರ ಕಾಯಲು ಕಲಿಯುತ್ತದೆ. ಎರಡನೆಯದು ಪದದ ಉದ್ದ. ‘ಹೋಗಬೇಕಾಗಿರುವುದರಿಂದ’ ಎಂಬುದು ನಮ್ಮಲ್ಲಿ ಒಂದೇ ಪದ, ಹತ್ತು ಅಕ್ಷರ. ಅದನ್ನು ಮಗು ಮೂರು ತುಂಡು ಮಾಡಿ, ಆಮೇಲೆ ಜೋಡಿಸಿ ಹೇಳಿದರೆ ಎಡವಿದಂತೆ ಅಲ್ಲ. ಸುಮ್ಮನೆ ಕಾಯಿರಿ.

ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ “ಏನಾಯ್ತು, ಹೇಳು” ಅನ್ನಿ. ಗಡಗಡ ಓದಿ ಏನೂ ಹೇಳಲಾಗದ ಮಕ್ಕಳು ಬಹಳ ಇದ್ದಾರೆ. ತರಗತಿಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಓದುವ ರೂಢಿಯಿಂದ ನಾಲಿಗೆ ಮುಂದೆ ಹೋಗಿ ಮನಸ್ಸು ಹಿಂದೆ ಉಳಿದಿರುತ್ತದೆ. ಅಂಥ ಮಗುವಿಗೆ ಬೆರಳಿನ ಲೆಕ್ಕ ಏನೇ ಹೇಳಲಿ, ಒಂದು ಹಂತ ಕೆಳಗಿನ ಪುಸ್ತಕ ಕೊಡಿ.

ಇನ್ನು ಕಿವಿಯ ಅಳತೆ. ಮಗು ತಾನೇ ಓದುವುದಕ್ಕಿಂತ ಎರಡು ಹಂತ ಮೇಲಿನ ಕಥೆ ಆರಿಸಿ ನೀವು ಓದಿ. ನಡುನಡುವೆ ಪ್ರಶ್ನೆ ಬಂದರೆ ಕಥೆ ತಲುಪುತ್ತಿದೆ. ಕಣ್ಣು ಬಾಗಿಲ ಕಡೆ ಹೋದರೆ ಅವತ್ತಿಗೆ ಸಾಕು.

ಎರಡನೇ ಹೆಜ್ಜೆ: ಕನ್ನಡದ ಮೆಟ್ಟಿಲುಗಳನ್ನು ಗುರುತಿಸಿ

ಇಂಗ್ಲಿಷ್ ಪುಸ್ತಕಗಳಿಗೆ ಮಾಡಿದ ಶ್ರೇಣಿಗಳು ಪುಟಕ್ಕೆ ಎಷ್ಟು ಪದ, ಎಷ್ಟು ವಾಕ್ಯ ಎಂದು ನೋಡುತ್ತವೆ. ಕನ್ನಡದಲ್ಲಿ ಮಗುವನ್ನು ನಿಲ್ಲಿಸುವುದು ಬೇರೆಯೇ: ಕಾಗುಣಿತ, ಒತ್ತಕ್ಷರ, ಸಂಧಿಯಾಗಿ ಬೆಳೆದ ಪದ. ಇವನ್ನೇ ಮೆಟ್ಟಿಲು ಅಂದುಕೊಂಡರೆ ಆಯ್ಕೆ ಸುಲಭ.

ಇನ್ನೂ ಓದದ ಮಗುವಿಗೆ, ಅಂದರೆ ಹುಟ್ಟಿನಿಂದ ನಾಲ್ಕೈದು ವರ್ಷದವರೆಗೆ, ಗಟ್ಟಿ ರಟ್ಟಿನ ಪುಟ, ದೊಡ್ಡ ಚಿತ್ರ, ಪ್ರಾಸವಿರುವ ಸಾಲು ಸಾಕು. ಪುಸ್ತಕ ಬಾಯಿಗೆ ಹೋಗುತ್ತದೆ, ಹರಿಯುತ್ತದೆ. ಹರಿಯಲಿ.

ಅಕ್ಷರ ಕೂಡಿಸುವ ಹಂತದಲ್ಲಿ ಒಂದು ವಿಷಯ ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ: ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸುತ್ತಿದ್ದಾರೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಅದರ ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರದಿಂದ ‘ಸರ’, ‘ಅರಸ’, ‘ಗರಗಸ’ ಓದಬಹುದು. ಅಂಥ ಮಗು ಕೆಲವೇ ವಾರದಲ್ಲಿ ಗರಗಸ ಓದುತ್ತದೆ, ಆದರೆ ‘ಇಲಿ’ಗೆ ಇನ್ನೂ ಬಂದಿರುವುದಿಲ್ಲ. ಅದಕ್ಕೆ ವರ್ಣಮಾಲೆಯ ಕ್ರಮದಲ್ಲಿರುವ ಬಣ್ಣದ ಪುಸ್ತಕ ಕೊಟ್ಟು ‘ಓದು’ ಅಂದರೆ ಪಾಪ, ಸೋಲುತ್ತದೆ. ಈ ಹಂತಕ್ಕೆ ಪುಟಕ್ಕೊಂದು ವಾಕ್ಯ, ಅದೇ ವಾಕ್ಯ ಒಂದೇ ಒಂದು ಪದ ಬದಲಾಗಿ ಮರುಕಳಿಸುವ ರಚನೆ, ಪದವನ್ನು ಊಹಿಸಲು ನೆರವಾಗುವ ಚಿತ್ರ ಇರುವ ಪುಸ್ತಕ ಹುಡುಕಿ. ಅಪ್ಪ, ಅಕ್ಕ, ಬೆಕ್ಕು, ಹಣ್ಣು ಇಲ್ಲದ ಮಕ್ಕಳ ಪುಸ್ತಕ ಕನ್ನಡದಲ್ಲಿ ಇರಲಾರದು. ತನ್ನದೇ ಒತ್ತು ತನ್ನ ಕೆಳಗೆ ಬರುವ ಇಂಥ ಪದಗಳು ದಿನಬಳಕೆಯವಾದ್ದರಿಂದ ಮಗು ಇಡೀ ಪದವನ್ನೇ ಚಿತ್ರದಂತೆ ಗುರುತಿಟ್ಟುಕೊಳ್ಳುತ್ತದೆ. ಅವಕ್ಕೆ ಹೆದರಬೇಕಿಲ್ಲ.

ನಿಜವಾದ ಏರು ಅದರ ನಂತರದ್ದು, ಒತ್ತಕ್ಷರದ ಹಂತ. ಎಷ್ಟೋ ಮಕ್ಕಳು ಓದು ಬಿಡುವುದು ಇಲ್ಲಿ. ಬಹುತೇಕ ಒತ್ತುಗಳು ತಲೆಕಟ್ಟಿಲ್ಲದ ಪುಟ್ಟ ಅಕ್ಷರದಂತೆಯೇ ಇರುತ್ತವೆ: ಕ, ಗ, ಪ, ಬ ಇವುಗಳ ಒತ್ತು ನೋಡಿದರೆ ಯಾವುದೆಂದು ತಿಳಿಯುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಓದಲು ಅತಿ ಹೆಚ್ಚು ಸಿಗುವ ಒತ್ತುಗಳೂ ಇವೇ. ಮೇಲೆ ಅರ್ಕಾವತ್ತು ಬೇರೆ. ಅದರ ಮೇಲೆ ‘ರಾಷ್ಟ್ರ’, ‘ಶಾಸ್ತ್ರ’ದಂಥ ಎರಡೆರಡು ಒತ್ತು. ಈ ಹಂತದ ಮಗುವಿಗೆ ಪುಸ್ತಕ ಆರಿಸುವಾಗ ಒಂದು ಪುಟ ತೆರೆದು, ಬೇರೆ ಅಕ್ಷರದ ಒತ್ತಿರುವ ಪದ ಎಷ್ಟಿವೆ ಎಂದು ಎಣಿಸುತ್ತೇನೆ. ಶುರುವಿನಲ್ಲಿ ಪುಟಕ್ಕೆ ಐದಾರು ಇದ್ದರೆ ಸಾಕು. ಎರಡು ಒತ್ತಿನ ಪದ ಪುಸ್ತಕಕ್ಕೆ ಎರಡೋ ಮೂರೋ ಇರಲಿ, ಅವೇ ಮತ್ತೆ ಮತ್ತೆ ಬರಲಿ.

ಇಲ್ಲೊಂದು ಎಚ್ಚರಿಕೆ. ‘ಐದರಿಂದ ಎಂಟು ವರ್ಷದವರಿಗೆ’ ಎಂದು ಮಾರುವ ಪುರಾಣದ ಕಿರುಪುಸ್ತಕಗಳು ತೆಳ್ಳಗಿರುತ್ತವೆ, ಬಣ್ಣದ್ದಾಗಿರುತ್ತವೆ, ಅಜ್ಜ ಅಜ್ಜಿಯರು ಪ್ರೀತಿಯಿಂದ ಕೊಡಿಸುತ್ತಾರೆ. ಒಳಗೆ ನೋಡಿ: ಧೃತರಾಷ್ಟ್ರ, ದುಶ್ಶಾಸನ, ಅಶ್ವತ್ಥಾಮ, ದ್ರುಪದ. ಹೆಸರುಗಳೇ ಒಂದೊಂದು ಬೆಟ್ಟ. ಇವು ಕಿವಿಯ ಪುಸ್ತಕಗಳು. ನೀವು ಓದಿ ಹೇಳಿದರೆ ಮಗು ಕುಣಿಯುತ್ತದೆ, ಅದರ ಕೈಗೇ ಕೊಟ್ಟರೆ ಕುಸಿಯುತ್ತದೆ. ಅನುಪಮಾ ನಿರಂಜನ ಅವರು ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಸಂಪುಟವಾಗಿ ಕೊಟ್ಟ ‘ದಿನಕ್ಕೊಂದು ಕಥೆ’ಯನ್ನೂ ನಾನು ಮೊದಲು ಕಿವಿಯ ಸಾಲಿನಲ್ಲೇ ಇಡುತ್ತೇನೆ: ರಾತ್ರಿ ಮಲಗುವ ಮುಂಚೆ ಒಂದು ಕಥೆ, ದೊಡ್ಡವರ ದನಿಯಲ್ಲಿ. ಎರಡು ವರ್ಷ ಕಳೆದ ಮೇಲೆ ಅದೇ ಮಗು ಅದೇ ಸಂಪುಟವನ್ನು ತಾನೇ ಬಿಡಿಸಿ ಕೂರುತ್ತದೆ. ಕೇಳಿದ ಕಥೆಯನ್ನು ಓದುವುದು ಸುಲಭ, ಏಕೆಂದರೆ ಮುಂದಿನ ಪದ ಅರ್ಧ ಗೊತ್ತೇ ಇರುತ್ತದೆ.

ಒತ್ತಕ್ಷರ ದಾಟಿದ ಮಗುವಿಗೆ, ಅಂದರೆ ಸುಮಾರು ಎಂಟು ಒಂಬತ್ತರಿಂದ ಹನ್ನೊಂದರವರೆಗೆ, ಅಧ್ಯಾಯಗಳಿರುವ ಪುಸ್ತಕ ಶುರುಮಾಡಿ. ಅಧ್ಯಾಯ ನಾಲ್ಕೈದು ಪುಟ ಮೀರದಿರಲಿ. ಮಾತುಕತೆ ಹೆಚ್ಚಿರುವ ಕಥೆ ಬೇಗ ಓಡುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯಂಥವು ಈ ವಯಸ್ಸಿಗೆ ಚೆನ್ನ. ಹನ್ನೊಂದು ಹನ್ನೆರಡು ದಾಟಿ ಸಲೀಸಾಗಿ ಓದುವವರ ವಿಷಯ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಕೆಲವು ಪ್ರಕಾಶಕರು ಪುಸ್ತಕದ ಮೇಲೆಯೇ ಹಂತ ನಮೂದಿಸುತ್ತಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ ನಾಲ್ಕು ಹಂತ ಮಾಡಿದೆ: ಓದಿಗೆ ಕಾಲಿಡುವವರಿಂದ ಹಿಡಿದು ತಾವೇ ನಿರರ್ಗಳ ಓದುವವರವರೆಗೆ. ಒಳ್ಳೆಯ ದಿಕ್ಸೂಚಿ ಅದು. ಆದರೆ ಬೇರೆ ಭಾಷೆಯಿಂದ ಬಂದ ಕಥೆಯಾದರೆ ಕನ್ನಡದ ಪುಟವನ್ನೊಮ್ಮೆ ತೆರೆದು ಒತ್ತಕ್ಷರ ಎಣಿಸಿಯೇ ನಂಬಿ. ಮೂಲದಲ್ಲಿ ಪುಟ್ಟದಾಗಿದ್ದ ಪದ ನಮ್ಮಲ್ಲಿ ‘ಆಶ್ಚರ್ಯ’ವಾಗಿರಬಹುದು.

ಮೂರನೇ ಹೆಜ್ಜೆ: ಅಂಗಡಿಯಲ್ಲಿ ಐದು ನಿಮಿಷ

ಮೊದಲು ಸಾಲುಗಳ ನಡುವಿನ ಜಾಗ ನೋಡಿ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಜಾಗ ಉಳಿಸಲು ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೊತ್ತಿನ ಒಂದು ಪದ ಹುಡುಕಿ, ಅದರ ಬಾಲ ಎಲ್ಲಿಗೆ ಮುಟ್ಟಿದೆ ನೋಡಿದರೆ ಗೊತ್ತಾಗುತ್ತದೆ. ದ, ಧ, ಥ ಮೂರರ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಮಸುಕು ಮುದ್ರಣದಲ್ಲಿ ಮೂರೂ ಒಂದೇ ಆಗುತ್ತವೆ. ಚಿತ್ರದ ಗಾಢ ಬಣ್ಣದ ಮೇಲೆ ಅಕ್ಷರ ಅಚ್ಚುಹಾಕಿದ ಪುಸ್ತಕವನ್ನು ನಾನು ಕಲಿಕೆಯ ಹಂತದವರಿಗೆ ಕೊಡುವುದೇ ಇಲ್ಲ.

ಆಮೇಲೆ ಒಂದು ಪುಟವನ್ನು ಬಾಯಿಬಿಟ್ಟು ಓದಿ. ಅಂಗಡಿಯಲ್ಲಿ ಸಂಕೋಚವಾದರೆ ತುಟಿಯಲ್ಲೇ ಓದಿಕೊಳ್ಳಿ. ಒಳ್ಳೆಯ ಮಕ್ಕಳ ಗದ್ಯ ನಾಲಿಗೆಯ ಮೇಲೆ ಜಾರುತ್ತದೆ. ‘ಅದು ಅವನಿಂದ ಮಾಡಲ್ಪಟ್ಟಿತು’ ಎಂಬಂಥ ವಾಕ್ಯ ಸಿಕ್ಕಿದರೆ ಮುಚ್ಚಿಡಿ. ಯಾವ ಅಮ್ಮನೂ ಹಾಗೆ ಮಾತಾಡುವುದಿಲ್ಲ. ಅನುವಾದವೆಂಬ ಕಾರಣಕ್ಕೆ ಪುಸ್ತಕ ದೂರವಿಡಬೇಡಿ, ಕನ್ನಡವಾಗದ ಅನುವಾದವನ್ನು ಮಾತ್ರ ದೂರವಿಡಿ. ಜಪಾನಿನ ‘ತೊತ್ತೊ-ಚಾನ್’ ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಕನ್ನಡಕ್ಕೆ ಬಂದು ನಮ್ಮೂರ ಮಕ್ಕಳಿಗೂ ಹತ್ತಿರವಾಗಿದೆ.

ಕೊನೆಯ ಪುಟ ತೆರೆಯಿರಿ. ಕಥೆ ಮುಗಿದ ಮೇಲೆ ‘ನೀತಿ:’ ಎಂದು ಒಂದು ಸಾಲು ತೂಗುಹಾಕಿದ್ದರೆ ಸಾಮಾನ್ಯವಾಗಿ ನಾನು ಆ ಪುಸ್ತಕ ಕೊಳ್ಳುವುದಿಲ್ಲ. ಕಥೆಯಿಂದ ಮಗು ತಾನೇ ಏನು ತೆಗೆದುಕೊಳ್ಳುತ್ತಿತ್ತೋ ಅದನ್ನು ಆ ಸಾಲು ಕಸಿದುಕೊಳ್ಳುತ್ತದೆ.

ಚಿತ್ರಗಳನ್ನು ಪಠ್ಯದಷ್ಟೇ ಗಂಭೀರವಾಗಿ ನೋಡಿ. ಚಿತ್ರದಲ್ಲಿರುವ ಮಕ್ಕಳಲ್ಲಿ ಒಬ್ಬರಾದರೂ ನಿಮ್ಮ ಮಗುವಿನ ಬಣ್ಣದವರಿದ್ದಾರೆಯೇ? ಅಮ್ಮ ಎಲ್ಲ ಪುಟದಲ್ಲೂ ಒಲೆಯ ಮುಂದೆಯೇ, ಅಪ್ಪ ಎಲ್ಲ ಪುಟದಲ್ಲೂ ಪತ್ರಿಕೆಯ ಹಿಂದೆಯೇ? ಕೆಟ್ಟವರನ್ನೆಲ್ಲ ಕಪ್ಪಗೆ, ದಪ್ಪಗೆ ಬರೆದಿದ್ದಾರೆಯೇ? ಪಠ್ಯದಲ್ಲಿ ಹೇಳದೆ ಚಿತ್ರದಲ್ಲಿ ಮಾತ್ರ ನಡೆಯುವ ಸಂಗತಿ ಏನಾದರೂ ಇದ್ದರೆ, ಮೂಲೆಯಲ್ಲೊಂದು ಬೆಕ್ಕು ಪುಟದಿಂದ ಪುಟಕ್ಕೆ ಇಲಿ ಅಟ್ಟಿಸಿಕೊಂಡು ಹೋಗುತ್ತಿದ್ದರೆ, ಆ ಪುಸ್ತಕವನ್ನು ಮಗು ಇಪ್ಪತ್ತು ಸಲ ತೆರೆಯುತ್ತದೆ.

ಮಾಹಿತಿ ಪುಸ್ತಕವಾದರೆ ಮುದ್ರಣದ ವರ್ಷ ನೋಡಿ, ಜೊತೆಗೆ ಒಂದೆರಡು ವಿಷಯ ಪರೀಕ್ಷಿಸಿ. ಪ್ಲೂಟೊ ಗ್ರಹವಲ್ಲ ಎಂದು 2006ರಲ್ಲೇ ತೀರ್ಮಾನವಾಗಿದೆ. ಸೌರವ್ಯೂಹದಲ್ಲಿ ಒಂಬತ್ತು ಗ್ರಹ ಎಂದಿದ್ದರೆ ಹಳೆಯದನ್ನೇ ಮತ್ತೆ ಅಚ್ಚುಹಾಕಿದ್ದಾರೆ. ವಿಜಯನಗರ ಸೇರಿ ಕರ್ನಾಟಕಕ್ಕೆ 31 ಜಿಲ್ಲೆ ಆದದ್ದು 2021ರಲ್ಲಿ. ಚಂದ್ರನ ಕುರಿತ ಪುಸ್ತಕದಲ್ಲಿ 2023ರ ಚಂದ್ರಯಾನ-3 ಇರಬೇಕು. ಇಷ್ಟನ್ನೂ ತಿದ್ದದ ಪ್ರಕಾಶಕರು ಒಳಗಿನ ಉಳಿದದ್ದನ್ನು ತಿದ್ದಿರುತ್ತಾರೆಂದು ನಾನು ನಂಬುವುದಿಲ್ಲ.

ನಾಲ್ಕನೇ ಹೆಜ್ಜೆ: ದೊಡ್ಡ ಮಗು, ಚಿಕ್ಕ ಓದು

ಆರನೇ ತರಗತಿಯ ಹುಡುಗ, ಓದು ಎರಡನೇ ತರಗತಿಯ ಮಟ್ಟದ್ದು. ಇಂಥ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ, ಅವರ ಬಗ್ಗೆ ನನಗೆ ಬಹಳ ಸಂಕಟವಿದೆ. ಮೊಲ-ಆಮೆ ಚಿತ್ರವಿರುವ ಪುಸ್ತಕವನ್ನು ಅವನ ಕೈಗೆ ಕೊಟ್ಟರೆ ಗೆಳೆಯರ ಮುಂದೆ ಮಾನ ಹೋದಂತೆ. ಅವನು ಪುಸ್ತಕವನ್ನು ಚೀಲದಲ್ಲಿ ಅವಿತಿಡುತ್ತಾನೆ, ಓದುವುದಿಲ್ಲ. ಅವನ ಕಣ್ಣಿನ ಹಂತಕ್ಕೂ ಅವನ ಮೀಸೆ ಮೂಡುವ ವಯಸ್ಸಿಗೂ ಒಟ್ಟಿಗೆ ಹೊಂದುವಂಥದ್ದು ಬೇಕು. ಒಗಟು, ನಗೆಹನಿ, ಹಾವು, ಬೈಕು, ಕ್ರಿಕೆಟ್ಟು, ಕಬಡ್ಡಿ, ಮಾತಿನ ಗುಳ್ಳೆಗಳಿರುವ ಚಿತ್ರಕಥೆ. ಚಿತ್ರಕ್ಕೊಂದು ಅಡಿಬರಹ ಇರುವ ಫೋಟೊ ಪುಸ್ತಕ. ತುಣುಕು ತುಣುಕಾಗಿ ಓದಿ ಮುಗಿಸಬಹುದಾದ್ದರಿಂದ ಗೆದ್ದ ಅನುಭವ ಬೇಗ ಸಿಗುತ್ತದೆ. ಇನ್ನೊಂದು ದಾರಿ ನಮ್ಮ ಜಗಲಿಯಲ್ಲಿ ಫಲ ಕೊಟ್ಟಿದೆ: ಚಿಕ್ಕವರಿಗೆ ಓದಿ ಹೇಳುವ ಕೆಲಸ ಅವನಿಗೆ ವಹಿಸುವುದು. ಆಗ ಮೊಲ-ಆಮೆ ಪುಸ್ತಕ ಹಿಡಿಯಲು ಅವನಿಗೊಂದು ಮರ್ಯಾದೆಯ ಕಾರಣ ಇರುತ್ತದೆ. ಮನೆಯಲ್ಲಿ ಎರಡು ಸಲ ಓದಿ ಸಿದ್ಧನಾಗಿ ಬರುತ್ತಾನೆ.

ತುಳು, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕನ್ನಡದ ಪದವೇ ಹೊಸದಾಗಿರಬಹುದು. ಅವರಿಗೆ ಒತ್ತಕ್ಷರ ಎಣಿಸುವುದಕ್ಕಿಂತ ಚಿತ್ರ ಎಷ್ಟು ಅರ್ಥ ಹೇಳುತ್ತದೆ ಎಂದು ನೋಡಿ. ಅಮೆರಿಕದಲ್ಲೋ ಸಿಂಗಪುರದಲ್ಲೋ ಬೆಳೆಯುವ ಕನ್ನಡದ ಮಕ್ಕಳದು ಇನ್ನೊಂದು ಬಗೆ: ಕಿವಿ ಕನ್ನಡದ್ದು, ಕಣ್ಣು ಇಂಗ್ಲಿಷಿನದ್ದು. ಚೆನ್ನೈನ ತೂಲಿಕಾ ಪ್ರಕಾಶನ ತರುವಂಥ ದ್ವಿಭಾಷಾ ಪುಸ್ತಕಗಳಲ್ಲಿ ಕನ್ನಡವನ್ನು ನೀವು ಓದಿ, ಇಂಗ್ಲಿಷನ್ನು ಅವರು ಓದಲಿ, ಕೆಲವು ವಾರದ ನಂತರ ಪುಟಕ್ಕೊಂದು ಕನ್ನಡ ಪದ ಅವರ ಪಾಲಿಗೆ ಬಿಡಿ.

ಐದನೇ ಹೆಜ್ಜೆ: ಮನಸ್ಸಿನ ಹದ

ಹನ್ನೆರಡು ವರ್ಷದ, ಏನನ್ನೂ ಸಲೀಸಾಗಿ ಓದಬಲ್ಲ ಹುಡುಗಿಗೆ ಏನು ಕೊಡಬೇಕು? ಇಲ್ಲಿ ಅಕ್ಷರದ ಲೆಕ್ಕ ಮುಗಿಯಿತು. ಸಾವು, ಜಗಳ, ಬಡತನ, ಜಾತಿಯ ಅವಮಾನ, ಯುದ್ಧ ಇವೆಲ್ಲ ಇರುವ ಪುಸ್ತಕ ಕೊಡಬೇಕೇ ಬೇಡವೇ? ಕೊಡಬೇಕು ಎಂಬುದು ನನ್ನ ನಿಲುವು. ಆದರೆ ಮೊದಲು ನೀವು ಓದಿರಬೇಕು, ಮಗು ಓದುವ ದಿನಗಳಲ್ಲಿ ಮನೆಯಲ್ಲಿ ಮಾತಿಗೆ ಸಿಗಬೇಕು. ಅಜ್ಜ ತೀರಿಕೊಂಡ ವಾರದಲ್ಲೇ ಸಾವಿನ ಕಥೆ ತರಬೇಡಿ. ಆರು ತಿಂಗಳ ನಂತರ ಅದೇ ಕಥೆ ಮಗುವಿಗೆ ಆಸರೆಯಾಗಬಹುದು.

ಬೋಳುವಾರು ಮಹಮದ್ ಕುಂಞಿ ಅವರು ಗಾಂಧಿಯ ಬಾಲ್ಯದಿಂದ ಬರೆದ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಪುರಸ್ಕಾರ ಶುರುವಾದ ವರ್ಷವೇ ಅದು. ದೊಡ್ಡ ವ್ಯಕ್ತಿಯನ್ನು ಹುಟ್ಟಿನಿಂದಲೇ ದೊಡ್ಡವನೆಂದು ತೋರಿಸುವ ಜೀವನಚರಿತ್ರೆಗಿಂತ, ಅವನು ತಪ್ಪು ಮಾಡಿದ್ದನ್ನೂ ಹೇಳುವ ಪುಸ್ತಕ ಈ ವಯಸ್ಸಿನವರಿಗೆ ಬೇಕು. ಹದಿಮೂರರ ಆಸುಪಾಸಿನಲ್ಲಿ ಮಕ್ಕಳ ಕಪಾಟಿನಿಂದ ಆಚೆ ಕಾಲಿಡಲು ತೇಜಸ್ವಿಯವರ ‘ಪರಿಸರದ ಕತೆ’ ಒಳ್ಳೆಯ ಹೊಸ್ತಿಲು. ಮಕ್ಕಳಿಗೆಂದೇ ಬರೆದದ್ದಲ್ಲ, ಆದರೆ ನಾಯಿ, ಕಾಡು, ಬೇಟೆ, ಕುತೂಹಲ ಎಲ್ಲ ಇರುವುದರಿಂದ ಮಕ್ಕಳು ಬಿಡದೆ ಓದುತ್ತಾರೆ.

ಆರನೇ ಹೆಜ್ಜೆ: ಎಲ್ಲಿಂದ, ಎಷ್ಟು

ಎಲ್ಲವನ್ನೂ ಕೊಳ್ಳಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಹಂತವಾರು ಇವೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಮೊಬೈಲಿನಲ್ಲೇ ಓದಿಸುವ ಬದಲು ಮುದ್ರಿಸಿ, ಹೊಲಿಗೆ ಹಾಕಿ ಕೊಡಿ. ಹೊಲಿಯುವ ಕೆಲಸ ಮಕ್ಕಳಿಗೇ ಬಿಟ್ಟರೆ ಆ ಪುಸ್ತಕ ಅವರದೇ ಆಗುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ ಕಡಿಮೆ ಬೆಲೆಗೆ ಸಿಗುತ್ತದೆ.

ಒಂದು ಸಲಕ್ಕೆ ಐದು ಪುಸ್ತಕ ತರುವುದಾದರೆ ನಾನು ಹೀಗೆ ಹಂಚುತ್ತೇನೆ: ಸಲೀಸಾದದ್ದು ಎರಡು, ಹದವಾದದ್ದು ಒಂದು, ಕಿವಿಗೆ ಒಂದು, ಐದನೆಯದು ಮಗು ತಾನೇ ಆರಿಸಿದ್ದು. ಆ ಐದನೆಯದರ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ತೀರಾ ಚಿಕ್ಕದಿರಲಿ, ತೀರಾ ದಪ್ಪದ್ದಿರಲಿ, ಬರೀ ಡೈನೋಸಾರಿನದೇ ಆರನೆಯ ಪುಸ್ತಕವಿರಲಿ.

ಮನೆಗೆ ತಂದ ಮೇಲೆ

ಬೆನ್ನು ತೋರಿಸಿ ಸಾಲಾಗಿ ನಿಲ್ಲಿಸಿದ ಪುಸ್ತಕವನ್ನು ಚಿಕ್ಕ ಮಕ್ಕಳು ಮುಟ್ಟುವುದಿಲ್ಲ. ಮುಖಪುಟ ಕಾಣುವಂತೆ, ಅವರ ಎದೆಯೆತ್ತರಕ್ಕೆ, ಒಂದು ದಾರ ಕಟ್ಟಿ ತೂಗುಹಾಕಿದರೂ ಸಾಕು. ಓದಿದ್ದನ್ನೇ ಮತ್ತೆ ಓದುತ್ತಿದ್ದರೆ ಬಿಡಿ, ಒತ್ತಕ್ಷರ ಗಟ್ಟಿಯಾಗುವುದು ಹಾಗೆಯೇ. ಅರ್ಧಕ್ಕೆ ಬಿಟ್ಟರೆ ಕಾರಣ ಕೇಳಬೇಡಿ. ಬಿಟ್ಟ ಪುಟದಲ್ಲಿ ಒಂದು ಚೀಟಿ ಇಟ್ಟು, ಚೀಟಿಯಲ್ಲಿ ತಾರೀಖು ಬರೆದು ಮೇಲಿನ ಅಟ್ಟಣೆಗೆ ಸೇರಿಸಿ. ದಸರಾ ರಜೆಯಲ್ಲೊಮ್ಮೆ, ಬೇಸಿಗೆ ರಜೆಯಲ್ಲೊಮ್ಮೆ ಆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಏನೂ ಹೇಳದೆ ಜಗಲಿಯ ಮೇಲೆ ಹರಡಿ. ಚೀಟಿ ಇರುವ ಪುಟದಿಂದಲೇ ಮುಂದುವರಿಯುವವರಿದ್ದಾರೆ, ಚೀಟಿ ಕಿತ್ತು ಮೊದಲ ಪುಟದಿಂದ ಶುರುಮಾಡುವವರಿದ್ದಾರೆ. ಯಾರೂ ಮುಟ್ಟದೆ ಉಳಿದದ್ದಕ್ಕೆ ಹೊಸ ತಾರೀಖು ಬರೆದು ಮತ್ತೆ ಮೇಲಿಡಿ.